ಇಲಿ ಕೊರೆಯುವುದೇ ಬೇರೆ, ಅಗಿಯುವುದೇ ಬೇರೆ
(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಭತ್ತ ಹೊಡೆಯಾಗುವ ಹೊತ್ತಿಗೆ ಗದ್ದೆಯ ನಡುವೆ ತೆಂಡೆಗಳು ಓರೆಯಾಗಿ ಕಡಿದು ಬಿದ್ದಿರುವುದನ್ನು ನೀವೆಲ್ಲ ಕಂಡಿದ್ದೀರಿ. ಅದು ಇಲಿಯ ಗುರುತು. ವಿಷವಿಟ್ಟರೂ ಇಲಿ ಸಾಯಲಿಲ್ಲ, ಔಷಧಿಯೇ ಕಲಬೆರಕೆ ಎಂಬ ದೂರನ್ನೂ ಕೇಳುತ್ತಿರುತ್ತೇವೆ. ಅನೇಕ ಸಲ ದೋಷ ಔಷಧಿಯದಲ್ಲ. ಇಲಿಯ ದವಡೆ ಹೇಗೆ ಆಡುತ್ತದೆಂಬುದನ್ನು ಗಮನಿಸದೆ ನಾವು ಆಮಿಷ ತಯಾರಿಸಿರುತ್ತೇವೆ.

ಇಲಿಗೆ ಒಟ್ಟು 16 ಹಲ್ಲು. ಮುಂದೆ ನಾಲ್ಕು ಬಾಚಿಹಲ್ಲು, ಹಿಂದೆ ಹನ್ನೆರಡು ದವಡೆಹಲ್ಲು. ಕೋರೆಹಲ್ಲಿಲ್ಲ, ಆ ಜಾಗ ಬರಿದು. ಬಾಚಿಹಲ್ಲಿನ ಮುಂಭಾಗಕ್ಕೆ ಮಾತ್ರ ಗಟ್ಟಿ ಎನಾಮಲ್ ಇದೆ. ಹಿಂಭಾಗ ಮೆದುವಾಗಿ ಬೇಗ ಸವೆಯುವುದರಿಂದ ತುದಿ ಸದಾ ಉಳಿಯಂತೆ ಹರಿತ. ಈ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ. ಪ್ರಯೋಗಶಾಲೆಯ ಇಲಿಗಳಲ್ಲಿ ವಾರಕ್ಕೆ 2ರಿಂದ 3 ಮಿ.ಮೀ.ನಷ್ಟು. ಅದನ್ನು ಸವೆಸಲೆಂದೇ ಇಲಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ ಎನ್ನುವುದು ಅರ್ಧ ಮಾತು. ಮೇಲಿನ ಹಲ್ಲನ್ನು ಕೆಳಗಿನದಕ್ಕೆ ಉಜ್ಜಿಕೊಂಡೂ ಅದು ಸವೆಸುತ್ತದೆ.

ಇನ್ನು ದವಡೆಯ ಮಾತು. ಇಲಿಯ ಕೆಳದವಡೆಯ ಕೀಲು ಉದ್ದನೆಯ ತೋಡಿನಂತಿದೆ. ದವಡೆ ಅದರಲ್ಲಿ ಹಿಂದೆ ಮುಂದೆ ಜಾರುತ್ತದೆ. ಮುಂದಕ್ಕೆ ಜಾರಿದಾಗ ಬಾಚಿಹಲ್ಲುಗಳು ಕೂಡುತ್ತವೆ, ದವಡೆಹಲ್ಲುಗಳು ಬಿಡುತ್ತವೆ. ಹಿಂದಕ್ಕೆ ಎಳೆದುಕೊಂಡಾಗ ದವಡೆಹಲ್ಲು ಕೂಡಿ ಬಾಚಿಹಲ್ಲು ಬಿಡುತ್ತದೆ. ಹೀಗಾಗಿ ಕೊರೆಯುವುದನ್ನೂ ಅಗಿಯುವುದನ್ನೂ ಅದು ಒಟ್ಟಿಗೆ ಮಾಡಲಾರದು. ಹಸು ಮೆಲುಕು ಹಾಕುವಾಗ ದವಡೆ ಅಡ್ಡಡ್ಡ ಆಡುತ್ತದೆ. ಇಲಿಯದು ಹಿಂದಿನಿಂದ ಮುಂದಕ್ಕೆ ಉಜ್ಜುತ್ತದೆ, ಅರೆಯುವ ಕಲ್ಲಿನ ಮೇಲೆ ಗುಂಡು ಓಡಾಡಿದಂತೆ.

ಕೊರೆಯುವಾಗ ತುಟಿಯ ಒಳಮಡಿಕೆಗಳು ಬಾಚಿಹಲ್ಲಿನ ಹಿಂದೆ ಕೂಡಿ ಬಾಯಿಯನ್ನು ಮುಚ್ಚಿಬಿಡುತ್ತವೆ. ಗೋಣಿಚೀಲದ ನಾರು, ಪೈಪಿನ ಚೂರು ಹೊರಗೇ ಉದುರುತ್ತವೆ. ಕಡಿದದ್ದೆಲ್ಲ ಹೊಟ್ಟೆಗೆ ಹೋಗುವುದಿಲ್ಲ. ಚೀಲಕ್ಕೆ ವಿಷ ಸವರುವುದು ಕೆಲಸಕ್ಕೆ ಬಾರದ ಮಾತು, ಮನೆಯವರಿಗೂ ಅಪಾಯ.

ಈಗ ಸಿಪ್ಪೆಸಹಿತ ಭತ್ತಕ್ಕೆ ವಿಷ ಹಚ್ಚಿ ಬಿಲದ ಬಾಯಿಗೆ ಹಾಕಿದರೆ ಏನಾದೀತು, ನೀವೇ ಯೋಚಿಸಿ. ಇಲಿ ಕಾಳನ್ನು ಮುಂಗಾಲಲ್ಲಿ ಹಿಡಿದು ಬಾಚಿಹಲ್ಲಿನಿಂದ ಸಿಪ್ಪೆ ಸುಲಿದು ಬಿಸಾಡುತ್ತದೆ. ಸಿಪ್ಪೆಗೆ ಅಂಟಿದ ವಿಷವೂ ಬಹುಪಾಲು ಹೊರಗೇ ಉಳಿಯುತ್ತದೆ. ಬೆಳಿಗ್ಗೆ ನಿಮಗೆ ಸಿಗುವುದು ಹೊಟ್ಟು. ಇದರಲ್ಲಿ ಇನ್ನೂ ಕೆಟ್ಟದ್ದೊಂದಿದೆ: ಅರೆಬರೆ ವಿಷ ತಿಂದು ನರಳಿ ಬದುಕಿದ ಇಲಿ ಮತ್ತೆ ವಾರಗಟ್ಟಲೆ ಆ ಆಮಿಷವನ್ನು ಮುಟ್ಟದು. ಇಲಿಗೆ ವಾಂತಿ ಮಾಡಲು ಬಾರದು. ಅದಕ್ಕೇ ಇರಬೇಕು, ತಿನಿಸಿನ ವಿಷಯದಲ್ಲಿ ಅದಕ್ಕೆ ಅಷ್ಟು ಎಚ್ಚರ.

ಆದ್ದರಿಂದ ಆಮಿಷಕ್ಕೆ ಅಕ್ಕಿನುಚ್ಚು ಇಲ್ಲವೆ ಗೋಧಿನುಚ್ಚು ಬಳಸಿ. ಸುಲಿಯಲು ಏನೂ ಇರಬಾರದು, ನೇರ ದವಡೆಹಲ್ಲಿಗೆ ಹೋಗಬೇಕು. ಮೊದಲ ದಿನ ಸಂಜೆ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ. ಮರುದಿನ ತೆರೆದಿರುವ ಬಿಲಗಳಲ್ಲಿ ಇಲಿ ಇದೆಯೆಂದು ತಿಳಿಯಿರಿ. ಅಲ್ಲಿ ಎರಡು ದಿನ ವಿಷವಿಲ್ಲದ, ಎಣ್ಣೆ ಹಚ್ಚಿದ ನುಚ್ಚನ್ನಿಟ್ಟು ರೂಢಿ ಮಾಡಿಸಿ. ಅನಂತರ 960 ಗ್ರಾಂ ನುಚ್ಚಿಗೆ 20 ಗ್ರಾಂ ಅಡಿಗೆ ಎಣ್ಣೆ ಹಾಗೂ 20 ಗ್ರಾಂ ಜಿಂಕ್ ಫಾಸ್ಫೈಡ್ ಬೆರೆಸಿ, ಬಿಲಕ್ಕೆ 10 ಗ್ರಾಂನಂತೆ ಒಳಗೆ ಹಾಕಿ. ಎಣ್ಣೆ ಬಿಡಬೇಡಿ, ಪುಡಿಯನ್ನು ನುಚ್ಚಿಗೆ ಹಿಡಿದಿಡುವುದು ಅದೇ.

ಬಯಲಲ್ಲಿ ನಿಂತು, ಕೋಲಿನಿಂದ ಕಲಸಿ. ಬರಿಗೈ ಬೇಡ, ಅಡಿಗೆಯ ಪಾತ್ರೆ ಬೇಡ. ಈ ವಿಷಕ್ಕೆ ಪ್ರತಿವಿಷವಿಲ್ಲ. ಮಕ್ಕಳು, ಕೋಳಿ, ನಾಯಿಗಳನ್ನು ದೂರವಿಡಿ. ಮರುದಿನ ಬೆಳಿಗ್ಗೆ ಸತ್ತ ಇಲಿಗಳನ್ನೂ ಉಳಿದ ಆಮಿಷವನ್ನೂ ಆಯ್ದು, ಬಾವಿ ಕಾಲುವೆಗಳಿಂದ ದೂರ ಆಳವಾಗಿ ಹೂಳಿ.