ಅಂಬಾಸಿಡರ್ ಗಟ್ಟಿ ಕಾರು ನಿಜ, ಆದರೆ ಬದಲಾಗಲಿಲ್ಲವೇಕೆ?



ಹಳೆಯ ಕಾರುಗಳ ಅಭಿಮಾನಿಗಳು ನಾಲ್ವರು ಒಂದೆಡೆ ಸೇರಿದರೆ ಮಾತು ಕೊನೆಗೆ ಬಂದು ನಿಲ್ಲುವುದು ಅಂಬಾಸಿಡರ್ ಹತ್ತಿರವೇ. 'ಆ ದಪ್ಪ ತಗಡು ಈಗಿನ ಯಾವ ಕಾರಿಗಿದೆ?' ಎಂದು ಒಬ್ಬರು ಕೇಳುತ್ತಾರೆ. 'ಮದುವೆ ದಿಬ್ಬಣಕ್ಕೆ ಎಂಟು ಮಂದಿಯನ್ನು ಹೊತ್ತು ಹೋಗುತ್ತಿತ್ತು' ಎಂದು ಇನ್ನೊಬ್ಬರು ನೆನೆಯುತ್ತಾರೆ. ಈ ಮಾತುಗಳಲ್ಲಿ ಸುಳ್ಳಿಲ್ಲ. ಆದರೆ ಕಾರು ಗಟ್ಟಿಯಾಗಿತ್ತೇ ಎಂಬುದು ಒಂದು ಪ್ರಶ್ನೆ. ಅದು ಬೇಡವೆಂದು ಬೇರೊಂದನ್ನು ಕೊಳ್ಳುವ ಅವಕಾಶ ಜನರಿಗೆ ಇತ್ತೇ ಎಂಬುದು ಇನ್ನೊಂದು. ಅಭಿಮಾನಿಗಳು ಸಾಮಾನ್ಯವಾಗಿ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತಾರೆ.

ಅಂಬಾಸಿಡರ್ ಮೂಲತಃ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪೆನಿ 1957ರಿಂದ ಇದನ್ನು ತಯಾರಿಸಿತು. ಬ್ರಿಟನ್ನಿನಲ್ಲಿ ಆ ಮಾದರಿಯ ಕಾರು 1959ರಲ್ಲೇ ಹೊಸ ಮಾದರಿಗೆ ಜಾಗ ಬಿಟ್ಟಿತು. ಇಲ್ಲಿ 2014ರ ಮೇ ತಿಂಗಳವರೆಗೂ ಉಳಿಯಿತು. ನಡುವೆ ಎಂಜಿನ್ ಬದಲಾಯಿತು, ಮುಂಭಾಗದ ಜಾಲರಿ ಬದಲಾಯಿತು. ಮೈಕಟ್ಟು ಮಾತ್ರ ಹೆಚ್ಚು ಬದಲಾಗಲಿಲ್ಲ.

ಅದರ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ಹಿಂದಿನ ಸೀಟು ವಿಶಾಲ. ಪಂಚೆಯುಟ್ಟ ಹಿರಿಯರೂ ಸೀರೆಯುಟ್ಟ ಹೆಂಗಸರೂ ತಲೆ ತಗ್ಗಿಸದೆ ಹತ್ತಿ ಇಳಿಯಬಹುದಿತ್ತು. ಎಂಜಿನ್ ಸರಳ, ಸಣ್ಣ ಊರಿನ ಮೆಕ್ಯಾನಿಕ್ ಕೂಡ ಸ್ಪ್ಯಾನರ್ ಹಿಡಿದು ಬಿಚ್ಚಿ ಜೋಡಿಸಬಲ್ಲವನಾಗಿದ್ದ. ಆದರೆ ಇದೇ ಗುಣದ ಇನ್ನೊಂದು ಮುಖವೆಂದರೆ, ಕಾರು ಆಗಾಗ ರಿಪೇರಿ ಬೇಡುತ್ತಿತ್ತು. ಎಲ್ಲರಿಗೂ ರಿಪೇರಿ ಗೊತ್ತಿದ್ದುದಕ್ಕೆ ಅದೂ ಒಂದು ಕಾರಣ.

ಇಷ್ಟು ಕಾಲ ಬದಲಾಗದೆ ಉಳಿದದ್ದು ಹೇಗೆ? ಇದಕ್ಕೆ ಉತ್ತರ ಕಾರಿನಲ್ಲಿಲ್ಲ, ಕಾನೂನಿನಲ್ಲಿದೆ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಕಾರ್ಖಾನೆ ತೆರೆಯಲು ಮಾತ್ರವಲ್ಲ, ಉತ್ಪಾದನೆಯನ್ನು ಗಣನೀಯವಾಗಿ ಹೆಚ್ಚಿಸಲೂ ಸರ್ಕಾರದ ಲೈಸೆನ್ಸ್ ಬೇಕಾಯಿತು. ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸುತ್ತಿದ್ದ ಫೋರ್ಡ್ ಮತ್ತು ಜನರಲ್ ಮೋಟರ್ಸ್ 1950ರ ದಶಕದ ಮಧ್ಯದ ಹೊತ್ತಿಗೆ ಜಾಗ ಖಾಲಿ ಮಾಡಿದವು. ಉಳಿದದ್ದು ಮುಖ್ಯವಾಗಿ ಮೂರು ಕಂಪೆನಿ: ಉತ್ತರಪಾರಾದ ಹಿಂದೂಸ್ತಾನ್, ಮುಂಬಯಿಯ ಪ್ರೀಮಿಯರ್, ಮದರಾಸಿನ ಸ್ಟಾಂಡರ್ಡ್. ದೇಶದಲ್ಲಿ ವಿದೇಶಿ ವಿನಿಮಯದ ಅಭಾವವಿತ್ತು. ಬಸ್ಸು, ಲಾರಿ, ಟ್ರಾಕ್ಟರಿನ ಮುಂದೆ ಕಾರು ಭೋಗದ ವಸ್ತುವೆಂದು ಯೋಜನೆ ರೂಪಿಸುವವರು ತಿಳಿದಿದ್ದರು. ಆ ಕಾಲದ ದೃಷ್ಟಿಯಿಂದ ಅದು ಅರ್ಥವಿಲ್ಲದ ನಿಲುವೇನಲ್ಲ.

ಆದರೆ ಫಲವೇನಾಯಿತು? ಕಾರು ಬೇಕೆಂದವರು ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಯಿತು. ಮುಂಬಯಿಯ ಫಿಯೆಟ್, ಅಂದರೆ ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಕಾರಿಗೂ ಇದೇ ಪಾಡು. ಸರದಿ ಬಂದು ಕಾರು ಸಿಕ್ಕವರು ಅದನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಬಹುದಿತ್ತು. ಬಾಗಿಲಲ್ಲಿ ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಹೊಸ ಮಾದರಿಗೆ ಹಣ ಸುರಿಯುವ ಅಗತ್ಯ ಯಾವ ಕಂಪೆನಿಗಿದ್ದೀತು?

1983ರ ಡಿಸೆಂಬರ್ 14ರಂದು ಮಾರುತಿ 800 ಬಂತು. ಜಪಾನಿನ ಸುಝುಕಿ ಕಂಪೆನಿಯ ಸಹಯೋಗದಲ್ಲಿ ಗುರ್‌ಗಾಂವ್‌ನಲ್ಲಿ ತಯಾರಾದ, 796 ಸಿ.ಸಿ. ಎಂಜಿನ್ನಿನ ಪುಟ್ಟ ಕಾರು. ದೊಡ್ಡ ಕಾರಿನ ಅಭಿಮಾನಿಗಳು ಇದನ್ನು ಬೆಂಕಿಪೊಟ್ಟಣವೆಂದು ಹಾಸ್ಯ ಮಾಡಿದರು. ಆದರೆ ಅಂಬಾಸಿಡರ್ ಡ್ರೈವರನ್ನಿಟ್ಟು ಹಿಂದೆ ಕೂರುವವರ ಕಾರು; ಮಾರುತಿ ಸ್ವತಃ ಓಡಿಸುವವರ ಕಾರು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಹೊರಡುತ್ತದೆ ಎಂಬ ನಂಬಿಕೆಯೇ ಮಧ್ಯಮ ವರ್ಗದ ಸಂಸಾರಕ್ಕೆ ದೊಡ್ಡ ಸಂಗತಿಯಾಯಿತು. ಆದರೂ ಮಾರುತಿಯದು ಮುಕ್ತ ಸ್ಪರ್ಧೆಯ ಗೆಲುವಲ್ಲ. ಅದು ಸರ್ಕಾರದ್ದೇ ಉದ್ಯಮವಾಗಿತ್ತು, ಅದಕ್ಕೂ ಸರದಿ ಸಾಲು ಇತ್ತು.

ಆ ಸರ್ಕಾರಿ ಬೆಂಬಲವಿಲ್ಲದೆ ಸಣ್ಣ ಕಾರು ಮಾಡಲು ಹೊರಟವರ ಕಥೆಗೆ ಬೆಂಗಳೂರೇ ಸಾಕ್ಷಿ. ಇಲ್ಲಿನ ಸಿಪಾನಿ ಸಂಸ್ಥೆ 1970ರ ದಶಕದಲ್ಲಿ 'ಬಾದಲ್' ಎಂಬ ಮೂರು ಚಕ್ರದ ಕಾರನ್ನು ತಯಾರಿಸಿತ್ತು. 1982ರಲ್ಲಿ, ಅಂದರೆ ಮಾರುತಿಗಿಂತ ಮೊದಲೇ, 'ಡಾಲ್ಫಿನ್' ತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರು ಇದರ ಮೂಲ. ಮೈ ಫೈಬರ್ ಗ್ಲಾಸಿನದು, 848 ಸಿ.ಸಿ. ಎಂಜಿನ್ ಅಲ್ಯುಮಿನಿಯಮ್ಮಿನದು. ಹಗುರವಾದ್ದರಿಂದ ರೇಸಿನವರು ಅದನ್ನು ಮೆಚ್ಚಿಕೊಂಡರು. ಮದರಾಸಿನ ಬಳಿಯ ಶೋಲವರಂ ಪಥದಲ್ಲಿ ಅದು ಓಡಿತು. ಸಂಸಾರಸ್ಥರ ಲೆಕ್ಕ ಬೇರೆ. ಬಾಗಿಲು ಎರಡೇ, ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಬೇಕು. ಪ್ಲಾಸ್ಟಿಕ್ ಮೈಯನ್ನು ನಂಬುವುದು ಹೇಗೆಂಬ ಅಳುಕು. ಮರುವರ್ಷವೇ ಮಾರುತಿ ಬಂದಮೇಲೆ ಡಾಲ್ಫಿನ್‌ಗೆ ಉಸಿರಾಡಲು ಜಾಗವಿರಲಿಲ್ಲ. ಮುಂದೆ ನಾಲ್ಕು ಬಾಗಿಲಿನ 'ಮೊಂಟಾನಾ' ತಂದರೂ ಸಿಪಾನಿ ಚೇತರಿಸಿಕೊಳ್ಳಲಿಲ್ಲ. ಅಭಿಮಾನಿಗಳ ಮೆಚ್ಚುಗೆಯೊಂದೇ ಕಾರ್ಖಾನೆಯನ್ನು ನಡೆಸಲಾರದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಕನ್ನಡ ನಾಡಿನಲ್ಲಿ ಸಿಗಲಾರದು.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕೆಂಬ ನಿಯಮ ಹೋಯಿತು. ಹೊರಗಿನ ಕಂಪೆನಿಗಳು ಒಂದೊಂದಾಗಿ ಬಂದವು. ಗಿರಾಕಿ ಮೊದಲ ಸಲ ನಾಲ್ಕು ಅಂಗಡಿ ಸುತ್ತಿ, ಓಡಿಸಿ ನೋಡಿ, 'ಬೇಡ' ಎನ್ನುವಂತಾದ. ಆಯ್ಕೆ ಬಂದಮೇಲೆ ಹಳೆಯ ಕಾರುಗಳು ಮನೆಗಳಿಂದ ಟ್ಯಾಕ್ಸಿ ನಿಲ್ದಾಣಕ್ಕೂ ಸರ್ಕಾರಿ ಕಚೇರಿಯ ಅಂಗಳಕ್ಕೂ ಸರಿದವು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಾಗ ಅನೇಕರು ಬೇಸರಪಟ್ಟರು. ಆ ಬೇಸರ ಸಹಜವೇ. ಎರಡು ಮೂರು ತಲೆಮಾರಿನ ಬದುಕು ಆ ಸೀಟುಗಳ ಮೇಲೆ ಕಳೆದಿದೆ.

ಹಳೆಯ ಕಾರನ್ನು ತೊಳೆದು, ಒರೆಸಿ, ಓಡುವಂತೆ ಇಟ್ಟಿರುವವರು ಇತಿಹಾಸದ ಒಂದು ತುಣುಕನ್ನು ಕಾಪಾಡುತ್ತಿದ್ದಾರೆ. ಅದಕ್ಕೆ ಅವರನ್ನು ಮೆಚ್ಚಬೇಕು. 'ಅಂಥ ಕಾರು ಮತ್ತೆ ಬರುವುದಿಲ್ಲ' ಎಂದು ಅವರು ಹೇಳಿದಾಗ ಒಪ್ಪಲೂಬಹುದು. ಜೊತೆಗೆ, ಆ ಕಾರಿಗಾಗಿ ಮನೆಯ ಹಿರಿಯರು ಎಷ್ಟು ವರ್ಷ ಕಾದಿದ್ದರು ಎಂದೂ ಒಮ್ಮೆ ಕೇಳಿ ತಿಳಿಯುವುದು ಒಳ್ಳೆಯದು.