ಕಾಯಕಕ್ಕೆ ತಕ್ಕ ಮೂಲಧನ



ಕಾಯಕದ ಮಹಿಮೆಯನ್ನು ಈ ಪೀಠದ ಮುಂದೆ ಮತ್ತೆ ವರ್ಣಿಸಬೇಕಾದುದಿಲ್ಲ. ಆದರೆ ಕಾಯಕವನ್ನು ಕೈಗೊಳ್ಳುವವನಿಗೆ ಮೊದಲ ಹಣವು ಎಲ್ಲಿಂದ ಬರತಕ್ಕದ್ದು ಎಂಬ ಪ್ರಶ್ನೆಯನ್ನು ಧರ್ಮಸಭೆಗಳಲ್ಲಿ ಎತ್ತುವವರು ವಿರಳ. ಹಣದ ಮಾತು ಮಠಕ್ಕೆ ಸಲ್ಲದೆಂದು ಕೆಲವರು ಭಾವಿಸುವರು. ಅದು ಸಮಂಜಸವಲ್ಲ, ಕಾಯಕವು ಶುದ್ಧವಾಗಿರಬೇಕಾದರೆ ಅದರ ಮೂಲಧನವೂ ಶುದ್ಧವಾಗಿರಬೇಕಷ್ಟೆ.

ದೇವರ ದಾಸಿಮಯ್ಯನವರ ಕಾಯಕವಾದ ನೇಯ್ಗೆಯನ್ನೇ ನೋಡಬಹುದು. ಇಳಕಲ್ಲು, ಗುಳೇದಗುಡ್ಡಗಳ ಕಡೆಯ ನೇಕಾರನಿಗೆ ಎರಡು ಬಗೆಯ ಹಣ ಬೇಕು. ಮಗ್ಗವು ಅನೇಕ ವರ್ಷ ದುಡಿಯುವ ವಸ್ತು. ನೂಲಾದರೋ ಸೀರೆಯಾಗಿ ಬೇಗನೆ ಮಾರಿಹೋಗುವ ವಸ್ತು. ನಾಲ್ಕು ತಿಂಗಳ ವಾಯಿದೆಯ ಕಡ ತಂದು ಮಗ್ಗ ಹೂಡಿದವನು, ಆ ಮಗ್ಗವು ತನ್ನ ಬೆಲೆಯನ್ನು ದುಡಿದು ಕೊಡುವ ಮೊದಲೇ ಅದನ್ನು ಮಾರಬೇಕಾದೀತು. ಆದಕಾರಣ ಮಗ್ಗಕ್ಕೆ ಸ್ವಂತ ಉಳಿತಾಯವಾಗಲಿ ದೀರ್ಘಾವಧಿಯ ಕಂತಿನ ಸಾಲವಾಗಲಿ ಯೋಗ್ಯ. ನೂಲಿಗೆ ಅಲ್ಪಾವಧಿಯ ಸಾಲವೇ ಸಾಕು.

ನೂಲನ್ನು ಸಾವಕಾರನೇ ಉದ್ದರಿಯಾಗಿ ಕೊಡುವುದೂ ಉಂಟು. ಬಡ್ಡಿಯ ಹೆಸರೇ ಇಲ್ಲದ್ದರಿಂದ ಇದು ಅತಿ ಸುಲಭವೆಂದು ತೋರುವುದು. ಆದರೆ ನೆಯ್ದ ಸೀರೆಯನ್ನು ಅವನಿಗೇ ಒಪ್ಪಿಸಬೇಕು. ಬೆಲೆ ಕಟ್ಟುವವನೂ ಅವನೇ. ಹೀಗೆ ಬಡ್ಡಿಯು ಬೆಲೆಯೊಳಗೆ ಅಡಗಿ ಕುಳಿತಿರುತ್ತದೆ; ತನ್ನ ಸರಕಿಗೆ ತಾನೇ ಬೆಲೆ ಹೇಳುವ ಅಧಿಕಾರವೂ ಕಾಯಕದವನ ಕೈತಪ್ಪುತ್ತದೆ. ಸಾವಕಾರರೆಲ್ಲರೂ ಕಠಿನರೆಂದು ಇದರ ಅರ್ಥವಲ್ಲ. ಮಗ್ಗ ನಿಂತ ದಿನಗಳಲ್ಲಿ ನೇಕಾರನ ಒಲೆ ಆರದಂತೆ ನೋಡಿಕೊಂಡವರೂ ಅವರಲ್ಲುಂಟು.

ಬಡ್ಡಿಯ ಲೆಕ್ಕವೂ ಮೋಸಗೊಳಿಸತಕ್ಕದ್ದೇ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಎಂದರೆ ಕಿವಿಗೆ ಅಲ್ಪ. ವರ್ಷಕ್ಕೆ ಅದು 24. ಕಟ್ಟದೆ ಬಿಟ್ಟಲ್ಲಿ 50 ತಿಂಗಳಿಗೆ ಬಡ್ಡಿಯು ಅಸಲಿಗೆ ಸಮನಾಗುವುದು. ಒಮ್ಮೆಗೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಬಾರದೆಂದು ಧರ್ಮಶಾಸ್ತ್ರಕಾರರು ವಿಧಿಸಿದರು. ಮುಂಬಯಿ ಇಲಾಖೆಯ ನ್ಯಾಯಾಲಯಗಳು ದಾಮದುಪ್ಪಟವೆಂಬ ಹೆಸರಿನಿಂದ ಆ ವಿಧಿಯನ್ನು ಮನ್ನಿಸಿದವು. ಆದರೆ ತಿಂಗಳು ತಿಂಗಳು ತಪ್ಪದೆ ಬಡ್ಡಿ ಕಟ್ಟುವ ಸತ್ಯವಂತನಿಗೆ ಇದರಿಂದ ರಕ್ಷಣೆಯಿಲ್ಲ. ನೂರು ರೂಪಾಯಿಗೆ ಹತ್ತು ವರ್ಷಗಳಲ್ಲಿ 240 ರೂಪಾಯಿ ಬಡ್ಡಿ ತೆತ್ತರೂ ಅವನ ಅಸಲು ನಿಂತಲ್ಲೇ ನಿಂತಿರುತ್ತದೆ!

ಈ ಸಂಕಟಕ್ಕೆ ನಮ್ಮ ನಾಡಿನಲ್ಲಿ ಹೊಸ ದಾರಿ ತೋರಿದವರು ಗದಗ ಸಮೀಪದ ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. 1904ರ ಸಹಕಾರಿ ಕಾಯಿದೆಯ ಮೇರೆಗೆ 1905ರಲ್ಲಿ ಅವರು ಅಲ್ಲಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಆ ಕಾಯಿದೆಯಲ್ಲಿ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಮಿತಿಯಿಲ್ಲದ ಹೊಣೆಯನ್ನು ವಿಧಿಸಿತ್ತು. ಸಂಘದ ಋಣ ತೀರದಿದ್ದಲ್ಲಿ ಅದು ಸದಸ್ಯರೆಲ್ಲರ ತಲೆಯ ಮೇಲೆ. ಆದ್ದರಿಂದ ಎತ್ತಿಗೆಂದು ತಂದ ಹಣವು ಮದುವೆಯ ಚಪ್ಪರಕ್ಕೆ ಹೋಗದಂತೆ ನೋಡುವುದು ನೆರೆಯವರ ಕೆಲಸವೂ ಆಯಿತು. ಪಟ್ಟಣದ ಬ್ಯಾಂಕಿಗೆ ಒತ್ತೆ ತೋರಿಸಲಾರದವನಿಗೆ ಊರಿನ ನಂಬಿಕೆಯೇ ಜಾಮೀನಾಗಿ ನಿಂತಿತು.

1912ರ ಕಾಯಿದೆಯು ಸಾಲ ಕೊಡುವುದರ ಹೊರತಾದ ಉದ್ದೇಶಗಳಿಗೂ ಸಂಘ ಕಟ್ಟಲು ಎಡೆಗೊಟ್ಟಿತು. ನೇಕಾರರು ಕೂಡಿ ನೂಲು ಕೊಳ್ಳುವುದಕ್ಕೂ ಕೂಡಿ ಸೀರೆ ಮಾರುವುದಕ್ಕೂ ಇದರಿಂದ ಅನುಕೂಲವಾಯಿತು. ನೆಟ್ಟಗೆ ಲೆಕ್ಕವಿಡುವ ಅಂಥ ಸಂಘವು ಊರಿನಲ್ಲಿದ್ದಲ್ಲಿ ನೂಲಿನ ಹಣಕ್ಕೆ ಮೊದಲು ಅಲ್ಲಿಯೇ ವಿಚಾರಿಸುವುದು ಲೇಸು. ಇಲ್ಲದಿದ್ದಲ್ಲಿ ಬ್ಯಾಂಕಿನವರನ್ನು ಕಂಡು, ಸೀರೆ ಹೆಚ್ಚಾಗಿ ಮಾರುವ ತಿಂಗಳುಗಳಿಗೆ ಕಂತುಗಳನ್ನು ಹೊಂದಿಸಿಕೊಡುವಂತೆ, ಸಹಿ ಹಾಕುವ ಮೊದಲೇ ಕೇಳಿಕೊಳ್ಳಬೇಕು.