ಕಾಣದ ಕಡೆಯ ಜಿಡ್ಡು

(ಶಾಲೆಯ ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಳೆ ವಿದ್ಯಾರ್ಥಿಗಳು ತಂತಮ್ಮ ಉದ್ಯೋಗದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಕೇಳಿದ್ದಾರೆ. ನನಗಿಂತ ಮೊದಲು ವೈದ್ಯರು, ಇಂಜಿನಿಯರು, ಬ್ಯಾಂಕಿನವರು ಮಾತಾಡಿದರು. ನನ್ನದು ಬೆಂಗಳೂರಿನಲ್ಲಿ ಹೋಟೆಲುಗಳ ಅಡುಗೆಮನೆಯ ಚಿಮಣಿ, ಹೊಗೆಕೊಳವೆ, ಬ್ಲೋವರ್ ಶುಚಿ ಮಾಡುವ ಕೆಲಸ. ಊರಿಗೆ ಬಂದಾಗ "ಎಂತ ಕೆಲಸ ಮಾರಾಯಾ?" ಎಂದು ಕೇಳುತ್ತಾರೆ. "ಚಿಮಣಿ ತೊಳೆಯುವುದು" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇವತ್ತು ಮೈಕು ನನ್ನ ಕೈಯಲ್ಲಿ ಇರುವುದರಿಂದ ಸ್ವಲ್ಪ ಮುಂದುವರಿಸುತ್ತೇನೆ.

ನಮ್ಮೂರಿಗೂ ಹೋಟೆಲಿಗೂ ಇರುವ ನಂಟು ನಿಮಗೆ ಗೊತ್ತೇ ಇದೆ. ಮನೆಗೊಬ್ಬರು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಹೋಟೆಲಿನಲ್ಲಿ ದುಡಿದವರೇ. ಹಗಲು ಟೇಬಲ್ ಒರೆಸಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರು ಈ ಸಭೆಯಲ್ಲೂ ಇದ್ದಾರೆ. ಒಲೆಯ ಮುಂದಿನ ಕೆಲಸ ನಮಗೆ ತಲೆಮಾರಿನಿಂದ ಗೊತ್ತು. ಒಲೆಯ ಮೇಲೆ ಏನು ನಡೆಯುತ್ತದೆ ಎಂಬುದು ಮಾತ್ರ ಅಲ್ಲೇ ಇಪ್ಪತ್ತು ವರ್ಷ ನಿಂತವರಿಗೂ ಕಾಣುವುದಿಲ್ಲ.

ದೊಡ್ಡ ಅಡುಗೆಮನೆಯಲ್ಲಿ ಒಲೆಗಳ ಮೇಲೆ ಸ್ಟೀಲಿನ ಹುಡ್ ಇರುತ್ತದೆ. ಅದರೊಳಗೆ ಸಾಲಾಗಿ ಫಿಲ್ಟರುಗಳು. ಅದರ ಹಿಂದೆ ತಗಡಿನ ಡಕ್ಟ್. ಅದು ಗೋಡೆ ದಾಟಿ, ಮಹಡಿ ಏರಿ ತಾರಸಿಗೆ ಹೋಗುತ್ತದೆ. ತಾರಸಿಯ ಮೇಲೆ ಹೊಗೆ ಎಳೆಯುವ ಬ್ಲೋವರ್. ಬಾಣಲೆಯಿಂದ ಏಳುವ ಹೊಗೆಯಲ್ಲಿ ಎಣ್ಣೆಯ ಸಣ್ಣ ಹನಿಗಳಿರುತ್ತವೆ. ಫಿಲ್ಟರಿನ ಒಳಗೆ ಗಾಳಿ ಥಟ್ಟನೆ ತಿರುಗಬೇಕು. ಹನಿಗಳು ತಿರುಗಲಾರದೆ ತಗಡಿಗೆ ಬಡಿದು ಕೆಳಗಿನ ತೊಟ್ಟಿಗೆ ಇಳಿಯುತ್ತವೆ. ಇಳಿಯಲೆಂದೇ ಫಿಲ್ಟರನ್ನು 45 ಡಿಗ್ರಿಗೆ ಕಡಿಮೆಯಿಲ್ಲದ ಓರೆಯಲ್ಲಿ ಕೂರಿಸುತ್ತಾರೆ. ಆದರೂ ಎಲ್ಲ ಎಣ್ಣೆ ಅಲ್ಲಿ ನಿಲ್ಲುವುದಿಲ್ಲ. ಉಳಿದದ್ದು ಡಕ್ಟಿನೊಳಗೆ ಹೋಗಿ, ತಣಿದು, ಪದರ ಪದರವಾಗಿ ಅಂಟುತ್ತದೆ.

ಈ ಜಿಡ್ಡು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಇಡ್ಲಿ ಬೇಯುವ ಕಡೆ ಬರಿಯ ನೀರಿನ ಆವಿ. ಮೀನು ಹುರಿಯುವಲ್ಲಿ ತೆಂಗಿನೆಣ್ಣೆ. ಬೆಂಗಳೂರಿನ ಚಳಿಗಾಲದ ರಾತ್ರಿ ಅದು ಮೇಣದಂತೆ ಬೆಳ್ಳಗೆ ಗಟ್ಟಿಯಾಗಿರುತ್ತದೆ, ಬಿಸಿನೀರು ತಾಗಿದರೆ ಕರಗುತ್ತದೆ. ಸೂರ್ಯಕಾಂತಿ ಎಣ್ಣೆ ಹಾಗಲ್ಲ. ಬಿಸಿ ತಾಗಿ ತಾಗಿ ವಾರ್ನಿಷಿನಂತೆ ಹಳದಿಗಟ್ಟಿ ತಗಡಿಗೆ ಕಚ್ಚಿಕೊಳ್ಳುತ್ತದೆ. ತಂದೂರಿನ ಮೇಲೆ ಜಿಡ್ಡಿನ ಜೊತೆ ಇದ್ದಿಲ ಮಸಿ. ಬೆರಳಲ್ಲಿ ಮುಟ್ಟಿ ನೋಡಿದರೆ ಆ ಅಡುಗೆಮನೆಯಲ್ಲಿ ಏನು ಬೇಯುತ್ತದೆ, ತೊಳೆದು ಎಷ್ಟು ಕಾಲವಾಯಿತು ಎಂದು ನಮ್ಮ ಹುಡುಗರು ಹೇಳುತ್ತಾರೆ.

ಈ ಜಿಡ್ಡೇ ಬೆಂಕಿಗೆ ಸೌದೆ. ಬಾಣಲೆಯಲ್ಲಿ ಎದ್ದ ಉರಿ ಫಿಲ್ಟರ್ ದಾಟಿ ಒಳಗೆ ಹೊಕ್ಕರೆ ಬ್ಲೋವರ್ ಅದಕ್ಕೆ ತಿದಿ ಊದಿದಂತೆ ಗಾಳಿ ಕೊಡುತ್ತದೆ. ಕೆಳಗಿರುವವರಿಗೆ ಗೊತ್ತಾಗುವಷ್ಟರಲ್ಲಿ ಬೆಂಕಿ ಮಹಡಿ ಏರಿರುತ್ತದೆ. 2007ರ ಆಗಸ್ಟ್ 29ರಂದು ಅಮೆರಿಕದ ಬಾಸ್ಟನ್ನಿನ ಒಂದು ಹೋಟೆಲಿನಲ್ಲಿ ಜಿಡ್ಡಿನ ಹೊಗೆಕೊಳವೆಯಿಂದ ಹಬ್ಬಿದ ಬೆಂಕಿ ತೂಗುಚಾವಣಿಯ ಮೇಲೆ ಯಾರಿಗೂ ಕಾಣದಂತೆ ಉರಿಯುತ್ತಿತ್ತು. ನಂದಿಸಲು ಒಳಹೋದ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಹೊಸ ಹುಡುಗರು ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಅವರಿಗೆ ಇದನ್ನು ಹೇಳುತ್ತೇನೆ.

ಅಮೆರಿಕದಲ್ಲಿ ಎನ್‌ಎಫ್‌ಪಿಎ 96 ಎಂಬ ಮಾನದಂಡವಿದೆ. ಈ ಕೆಲಸಕ್ಕೆ ನಾವೂ ಅದನ್ನೇ ಕೈಪಿಡಿಯಾಗಿ ಇಟ್ಟುಕೊಂಡಿದ್ದೇವೆ. ಸೌದೆ, ಇದ್ದಿಲು ಉರಿಸುವ ಒಲೆಯಿದ್ದರೆ ತಿಂಗಳಿಗೊಮ್ಮೆ ಪರೀಕ್ಷೆ; 24 ಗಂಟೆ ನಡೆಯುವ ಅಡುಗೆಮನೆ, ಚೈನೀಸ್ ಬಾಣಲೆಯಿರುವ ಅಡುಗೆಮನೆಗಳಿಗೆ 3 ತಿಂಗಳಿಗೊಮ್ಮೆ; ಸಾಧಾರಣ ವ್ಯಾಪಾರದ ಕಡೆ 6 ತಿಂಗಳಿಗೊಮ್ಮೆ; ಅಪರೂಪಕ್ಕೆ ಅಡುಗೆ ಮಾಡುವ ಕಡೆ ವರ್ಷಕ್ಕೊಮ್ಮೆ. ಡಕ್ಟಿನ ಜಿಡ್ಡು 2 ಮಿಲಿಮೀಟರ್ ಮುಟ್ಟಿದ್ದರೆ ತೆಗೆಯಲೇಬೇಕು. ತೆಗೆದ ಮೇಲೆ 50 ಮೈಕ್ರಾನಿಗಿಂತ ಹೆಚ್ಚು ಉಳಿದಿರಬಾರದು. ಒಂದು ಮಿಲಿಮೀಟರನ್ನು ಇಪ್ಪತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಳೆಯಲು ಬಾಚಣಿಗೆಯಂಥ ಹಲ್ಲಿನ ಅಳತೆಪಟ್ಟಿ ಇದೆ.

ಕೆಲಸ ಶುರುವಾಗುವುದು ಹೋಟೆಲ್ ಬಾಗಿಲು ಹಾಕಿದ ಮೇಲೆ, ರಾತ್ರಿ 11ರ ಸುಮಾರಿಗೆ. ಬೆಳಗ್ಗೆ ಕಾಫಿ ಡಿಕಾಕ್ಷನ್ ಇಳಿಯುವ ಮೊದಲು ಮುಗಿಯಬೇಕು. ಮೊದಲು ಗ್ಯಾಸ್ ಬಂದ್. ಒಲೆ ತಣಿಯಬೇಕು. ಬ್ಲೋವರಿನ ಮೇನ್ ಸ್ವಿಚ್ ಆರಿಸಿ ಬೀಗ ಹಾಕಿ, ಬೀಗದ ಕೈ ಕೆಲಸ ಮಾಡುವವನ ಜೇಬಿನಲ್ಲೇ ಇರಬೇಕು. ಯಾರೋ ಅರಿಯದೆ ಸ್ವಿಚ್ ಒತ್ತಿದರೆ ಒಳಗಿರುವ ಕೈ ಹೋಗುತ್ತದೆ. ಆಮೇಲೆ ಒಲೆ, ಕಾವಲಿ, ಪಾತ್ರೆಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ. ಮೇಲಿನಿಂದ ಕೆಳಕ್ಕೆ ಕೆಲಸ: ಮೊದಲು ಬ್ಲೋವರ್, ನಂತರ ಡಕ್ಟ್, ಕೊನೆಗೆ ಹುಡ್. ಡಕ್ಟಿನ ತಿರುವುಗಳಲ್ಲಿ ಕೈಹಾಕಲು ಬಾಗಿಲು ಇರಬೇಕು. ಇಲ್ಲದಿದ್ದರೆ ಮಾಲಿಕರನ್ನು ಒಪ್ಪಿಸಿ ಕೊರೆದು ಕೂರಿಸುತ್ತೇವೆ. ಬೆಸುಗೆ ಹಾಕದ, ರಿವೆಟ್ ಹೊಡೆದ ಡಕ್ಟಿಗೆ ಪಂಪಿನಿಂದ ನೀರು ಹೊಡೆದರೆ ಸಂದಿನಿಂದ ಸೋರಿ ಕೆಳಗಿನವರ ಚಾವಣಿ ಹಾಳು. ಅಲ್ಲಿ ಕೈಯಲ್ಲಿ ಕೆರೆದು ತೆಗೆಯುವುದೊಂದೇ ದಾರಿ.

ಮಕ್ಕಳೇ, ನಿಮ್ಮ ಹತ್ತನೇ ತರಗತಿಯ ವಿಜ್ಞಾನ ನನಗೆ ಅನ್ನ ಕೊಡುತ್ತಿರುವುದು ಇಲ್ಲಿ. ಕೊಬ್ಬಿಗೆ ಕಾಸ್ಟಿಕ್ ಸೋಡಾ ಸೇರಿದರೆ ಸಾಬೂನು ಆಗುತ್ತದೆ ಎಂದು ಓದಿದ್ದೀರಿ. ಪ್ರತಿ ರಾತ್ರಿ ನಾವು ಮಾಡುವುದು ಅದನ್ನೇ. ಗಟ್ಟಿ ಜಿಡ್ಡಿಗೆ ಬಿಸಿನೀರಿನ ಕಾಸ್ಟಿಕ್ ದ್ರಾವಣ ಹಚ್ಚಿ ಹೊತ್ತು ಕಾಯುತ್ತೇವೆ. ಜಿಡ್ಡು ಸಾಬೂನಾಗಿ ನೀರಿನೊಂದಿಗೆ ಇಳಿಯುತ್ತದೆ. ಅದೇ ದ್ರಾವಣದಲ್ಲಿ ಅಲ್ಯೂಮಿನಿಯಂ ಫಿಲ್ಟರ್ ಅದ್ದಿದರೆ ಲೋಹವೇ ಕರಗಿ ಹೈಡ್ರೋಜನ್ ಅನಿಲ ಏಳುತ್ತದೆ. ಅದು ಉರಿಯುವ ಅನಿಲ. ಸ್ಟೀಲೋ ಅಲ್ಯೂಮಿನಿಯಮ್ಮೋ ಎಂದು ತಿಳಿಯದೆ ಬಕೆಟ್ ಮುಟ್ಟಬಾರದು. ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಕಣ್ಣಿಗೆ ಕನ್ನಡಕ, ಮೊಣಕೈವರೆಗೆ ಗ್ಲೌಸು ಇಲ್ಲದವನನ್ನು ನಾವು ಒಳಗೆ ಬಿಡುವುದಿಲ್ಲ.

ನಮ್ಮ ತರಬೇತಿ ಹೀಗಿದೆ. ಹೊಸಬ ಮೊದಲ ತಿಂಗಳು ಫಿಲ್ಟರ್ ಮಾತ್ರ ತೊಳೆಯುತ್ತಾನೆ. ರಾಸಾಯನಿಕದ ಅಳತೆ, ಬೆಂಕಿ ಆರಿಸುವ ಸಿಲಿಂಡರ್ ಹಿಡಿಯುವುದು ಕಲಿಯುತ್ತಾನೆ. ಆಮೇಲೆ ಹುಡ್. ಮೂರನೆಯದು ಡಕ್ಟ್, ಅಲ್ಲಿ ಒಬ್ಬ ಒಳಗೆ, ಒಬ್ಬ ಬಾಗಿಲಲ್ಲಿ, ಇಬ್ಬರೂ ಮಾತಾಡುತ್ತಲೇ ಇರಬೇಕು. ಬ್ಲೋವರ್ ಬಿಚ್ಚಿ ಜೋಡಿಸುವುದು ಕೊನೆಗೆ. ರೆಕ್ಕೆಯ ಒಂದು ಕಡೆ ಜಿಡ್ಡು ಉಳಿದರೆ ತೂಕ ತಪ್ಪಿ ಬೇರಿಂಗ್ ಹಾಳಾಗುತ್ತದೆ. ಐಟಿಐಯಲ್ಲಿ ಫಿಟ್ಟರ್, ಶೀಟ್ ಮೆಟಲ್, ಎಲೆಕ್ಟ್ರಿಷಿಯನ್ ಕಲಿತವರು ಬೇಗ ಮೇಲೆ ಬರುತ್ತಾರೆ. ಓದು ಅರ್ಧಕ್ಕೆ ಬಿಟ್ಟವರೂ ಬರುತ್ತಾರೆ, ಆದರೆ ಅವರಿಗೆ ಒಂದು ಕಡೆ ಕಷ್ಟ: ವರದಿ ಬರೆಯುವುದು.

ಈ ಕೆಲಸದ ಮರ್ಯಾದೆ ಇರುವುದು ವರದಿಯಲ್ಲಿ. ತೊಳೆಯುವ ಮೊದಲಿನ ಚಿತ್ರ, ತೊಳೆದ ಮೇಲಿನ ಚಿತ್ರ, ಅಳತೆ, ಕೈ ಹೋಗದೆ ಬಿಟ್ಟ ಜಾಗ ಯಾವುದು, ಎಲ್ಲ ಬರೆದು ಸಹಿ ಹಾಕಬೇಕು. ಹುಡ್ ಹೊರಗಿನಿಂದ ಫಳಫಳ ಹೊಳೆಸಿ ಡಕ್ಟ್ ಮುಟ್ಟದೆ ಹೋಗುವವರಿದ್ದಾರೆ. ಕಡಿಮೆ ದರವೂ ಹೇಳುತ್ತಾರೆ. ಒಮ್ಮೆ ಒಂದು ಹೋಟೆಲಿನವರು, "ಡಕ್ಟ್ ಬೇಡ, ಹುಡ್ ಮಾಡಿ ಪೂರ್ತಿ ಶುಚಿ ಎಂದು ಕಾಗದ ಕೊಡಿ, ಇನ್ಶೂರೆನ್ಸಿಗೆ ಬೇಕು" ಎಂದರು. ನಾವು ಕೊಡಲಿಲ್ಲ. ಅವರ ಮೂರು ಶಾಖೆಗಳ ಕೆಲಸ ಕೈತಪ್ಪಿತು, ಆ ತಿಂಗಳು ಸಂಬಳಕ್ಕೆ ಒದ್ದಾಡಿದೆವು. ಆದರೆ ಆ ಕಟ್ಟಡದ ಮೇಲಿನ ಮಹಡಿಯಲ್ಲಿ ಕೆಲಸದ ಹುಡುಗರು ಮಲಗುತ್ತಿದ್ದರು. ಡಕ್ಟ್ ಹಾದುಹೋಗುತ್ತಿದ್ದುದು ಅವರ ಕೋಣೆಯ ಗೋಡೆಗೆ ತಾಗಿಕೊಂಡೇ. ಅಂಥ ಕೋಣೆಗಳಲ್ಲಿ ಮಲಗುವುದು ನಮ್ಮೂರಿನಂಥ ಊರುಗಳ ಮಕ್ಕಳು.

ಆದ್ದರಿಂದ ತಂದೆ ತಾಯಿಯರಲ್ಲಿ ಒಂದು ಮಾತು. ಮಗ ಹೋಟೆಲ್ ಕೆಲಸಕ್ಕೆ ಹೊರಟರೆ ಸಂಬಳದ ಜೊತೆಗೆ ಇದನ್ನೂ ಕೇಳಿ: ಮಲಗುವ ಜಾಗ ಎಲ್ಲಿ? ಹೊರಗೆ ಬರಲು ಇನ್ನೊಂದು ದಾರಿ ಇದೆಯೇ? ಚಿಮಣಿ ತೊಳೆದದ್ದು ಯಾವಾಗ? ಹೋಟೆಲ್ ನಡೆಸುವ ನಮ್ಮೂರಿನ ಬಂಧುಗಳೇ, ನೀವು ಇಲ್ಲಿ ತುಂಬ ಜನ ಇದ್ದೀರಿ. ತಾರಸಿ ಹತ್ತಿ ಒಮ್ಮೆ ಬ್ಲೋವರಿನ ಬುಡ ನೋಡಿ. ಅಲ್ಲಿ ಎಣ್ಣೆ ಜಿನುಗುತ್ತಿದ್ದರೆ ಒಳಗೆ ಏನಿದೆ ಎಂದು ಯಾರೂ ಹೇಳಬೇಕಾಗಿಲ್ಲ.

ತಾಯಂದಿರಿಗೆ, ಬಿಸಿಯೂಟದ ಅಕ್ಕಂದಿರಿಗೆ, ದೇವಸ್ಥಾನದ ಅಡುಗೆಯವರಿಗೆ ಇನ್ನೊಂದು ಮಾತು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ಒಂದು ಲೋಟ ನೀರು ಆವಿಯಾದರೆ ಸುಮಾರು 1,700 ಲೋಟದಷ್ಟು ಜಾಗ ತುಂಬುತ್ತದೆ. ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುತ್ತದೆ. ಬಾಣಲೆ ಎತ್ತಿಕೊಂಡು ಓಡಲೂಬೇಡಿ. ಗ್ಯಾಸ್ ಆರಿಸಿ, ದೊಡ್ಡ ಮುಚ್ಚಳ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆಗೆಯದೆ ಬಿಡಿ. ಬೆಂಕಿ ಮುಚ್ಚಳಕ್ಕೆ ಸಿಗದಷ್ಟು ದೊಡ್ಡದಾದರೆ ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ನಮ್ಮ ಶಾಲೆಯ ಬಿಸಿಯೂಟದ ಕೋಣೆಗೆ ಎಣ್ಣೆಬೆಂಕಿ ಆರಿಸುವ ಒಂದು ಸಿಲಿಂಡರನ್ನೂ ಒಂದು ಅಗ್ನಿನಿರೋಧಕ ಹೊದಿಕೆಯನ್ನೂ ನಮ್ಮ ತಂಡದ ಪರವಾಗಿ ತಂದಿದ್ದೇನೆ; ಸಭೆ ಮುಗಿದ ಮೇಲೆ ಬಳಸುವ ಕ್ರಮ ತೋರಿಸುತ್ತೇನೆ. ಆ ಸಿಲಿಂಡರಿನೊಳಗೆ ಇರುವುದೂ ಒಂದು ಪೊಟ್ಯಾಸಿಯಂ ಲವಣದ ದ್ರಾವಣ. ಉರಿಯುವ ಎಣ್ಣೆಯ ಮೇಲೆ ಬಿದ್ದಾಗ ಸಾಬೂನಿನ ನೊರೆ ಕಟ್ಟಿ ಗಾಳಿಯನ್ನು ತಡೆಯುತ್ತದೆ. ವಿಜ್ಞಾನದ ಮೇಷ್ಟ್ರು ಅಪ್ಪಣೆ ಕೊಟ್ಟರೆ ವರ್ಷಕ್ಕೊಂದು ದಿನ ಬಂದು ಹತ್ತನೇ ತರಗತಿಯ ಮಕ್ಕಳಿಗೆ ಈ ಪಾಠವನ್ನು ಬಕೆಟ್ಟು, ತಗಡು, ಜಿಡ್ಡು ಸಮೇತ ಮಾಡಿ ತೋರಿಸಲು ನಾನು ಸಿದ್ಧ.

ಐವತ್ತು ವರ್ಷ ನಮ್ಮೂರಿಗೆ ಬೆಳಕು ಕೊಟ್ಟ ಈ ಶಾಲೆ ನೂರಾರು ವರ್ಷ ಬಾಳಲಿ.